ಅಳತೆಯ ಜಂಪರ

ಗಂಡಿನ ಮನೆಯಿಂದ ಮೂರು ಸಲ ಫೋನ್ ಬಂದರೂ ಅಳತೆಯ ಜಂಪರ ಕಳಿಸಲಿಲ್ಲವೆಂದರೆ ಹುಡುಗಿಗೆ ಮನಸ್ಸಿಲ್ಲ ಎಂದೇ ನಮ್ಮ ಕಡೆ ಅರ್ಥ. ನಿಶ್ಚಯವಾದ ಮೇಲೆ ತನ್ನದೊಂದು ಹಳೆಯ ಜಂಪರ ಕೊಟ್ಟುಬಿಟ್ಟರಾಯಿತು, ಅದನ್ನು ನೋಡಿಕೊಂಡು ಅವರ ಊರಿನ ಟೇಲರ್ ಮದುವೆಯ ಸೀರೆಗಳಿಗೆ ಜಂಪರ ಹೊಲಿಯುತ್ತಾನೆ. ಇಷ್ಟು ಸಣ್ಣ ಕೆಲಸ. ನಾನು ಅದನ್ನು ಕವರಿಗೆ ಹಾಕಿದ್ದೆಷ್ಟು ಸಲವೋ, ಹೊರಗೆ ತೆಗೆದದ್ದೆಷ್ಟು ಸಲವೋ.

ಅದಕ್ಕೇ ಆ ಭಾನುವಾರ ನನಗೆ ನಿಶ್ಚಯವಾದ ಹುಡುಗ ಅಮೋಘಸಿದ್ಧ ಮುದ್ದೇಬಿಹಾಳದಿಂದ, ನಾನು ಸಿಂದಗಿಯಿಂದ ಬಂದು ಬಸವನ ಬಾಗೇವಾಡಿ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕೂತಿದ್ದೆವು. ಅವನು ದನದ ದವಾಖಾನೆಯಲ್ಲಿ ಇನ್ಸ್‌ಪೆಕ್ಟರ್, ನಾನು ಹೈಸ್ಕೂಲಿನ ಗಣಿತ ಟೀಚರ್. ಅವನ ಅಂಗಿ ಇಸ್ತ್ರಿಯಾಗಿತ್ತು, ಮುಖ ಮಾತ್ರ ಬಾಡಿತ್ತು. ಎದುರಿಗಿದ್ದ ಚುರುಮುರಿ ಸುಸಲಾ, ಮಿರ್ಚಿ ಭಜಿ ಮುಟ್ಟಿರಲಿಲ್ಲ.

“ರಾಜಶ್ರೀ, ಬ್ಯಾಡಂದ್ರ ಬ್ಯಾಡ ಅಂದ್ಬಿಡು. ನಮ್ಮವ್ವಗ ನಾ ಹೇಳ್ತೇನಿ.”

“ಯಾರ್ರೀ ಬ್ಯಾಡ ಅಂದಾರ?”

“ಮತ್ತ ಜಂಪರ?”

“ಬ್ಯಾಗಿನ್ಯಾಗ ಐತ್ರಿ.”

ಅವನ ಕಣ್ಣು ಅರಳಿತು. ಕೈ ಚಾಚಿದ. ನಾನು ಬ್ಯಾಗನ್ನು ಮಡಿಲಿಗೆ ಎಳೆದುಕೊಂಡೆ. ಒಂದೇ ಹುಬ್ಬು ಏರಿಸಿ ನನ್ನನ್ನು ನೋಡಿದ. ನಿಶ್ಚಯದ ದಿನ ನಾನು ಸೋತಿದ್ದೇ ಆ ಹುಬ್ಬಿಗೆ, ಸುಳ್ಳೇಕೆ ಹೇಳಲಿ.

“ಕೊಡಾಕ ಆಗಂಗಿಲ್ರಿ. ಆ ಅಳತಿ ಇನ್ನ ಇರಂಗಿಲ್ಲ.”

“ಅಂದ್ರ?”

ದೇವರ ಹಿಪ್ಪರಗಿ ದಾಟಿದಾಗಿನಿಂದ ಬಸ್ಸಿನಲ್ಲಿ ಪಾಠ ಮಾಡಿಕೊಂಡಿದ್ದೆಲ್ಲ ಮರೆತುಹೋಯಿತು. ಲೋಟವನ್ನು ಅತ್ತ ಸರಿಸಿದೆ, ಇತ್ತ ಸರಿಸಿದೆ. ಆಮೇಲೆ ತಲೆ ತಗ್ಗಿಸಿ ಒಂದೇ ಉಸಿರಿಗೆ ಹೇಳಿಬಿಟ್ಟೆ. ಹದಿನೈದು ವರ್ಷದಿಂದ ಎದೆಯ ಭಾರ ಹೊತ್ತು ಕುತ್ತಿಗೆ, ಬೆನ್ನು ಹಿಡಿದುಹೋಗಿವೆ. ಒಳಉಡುಪಿನ ಪಟ್ಟಿ ಕೊರೆದು ಹೆಗಲಿನಲ್ಲಿ ಕುಳಿ ಬಿದ್ದಿದೆ. ಬೋರ್ಡಿನ ಕಡೆ ಕೈ ಎತ್ತಿದರೆ ಹಿಂದಿನ ಬೆಂಚಿನಲ್ಲಿ ನಗು ಏಳುತ್ತದೆ. ಎದೆ ಸಣ್ಣದು ಮಾಡುವ ಆಪರೇಷನ್‌ಗೆ ಸೊಲ್ಲಾಪುರದ ಡಾಕ್ಟರಮ್ಮ ದಸರಾ ರಜೆಯಲ್ಲಿ ದಿನ ಕೊಟ್ಟಿದ್ದಾರೆ. ಮದುವೆಯೋ, ದೀಪಾವಳಿ ಮುಗಿದ ವಾರಕ್ಕೇ ಇದೆ.

ಅಮೋಘ ಮಿರ್ಚಿಯ ತುದಿ ಮುರಿಯುತ್ತ ಕೂತ. “ನಾ ಏನೇನೋ ತಿಳ್ಕೊಂಡಿದ್ದೆ. ಇದನ್ನ ಹೇಳಾಕ ಇಷ್ಟ ದಿನಾ?”

“ಗಾಯದ ಗುರ್ತು ಉಳೀತೈತ್ರಿ.”

ನನ್ನ ನಿದ್ದೆ ಕೆಡಿಸಿದ್ದು ಅದೇ. ಡಾಕ್ಟರಮ್ಮ ಎಲ್ಲಕ್ಕಿಂತ ಮೊದಲು ನೋಡಿದ್ದು ನನ್ನ ಕಿವಿಯನ್ನು. ಚುಚ್ಚಿಸಿದಲ್ಲಿ ಗಂಟು ಕಟ್ಟಿಲ್ಲ, ಒಳ್ಳೆಯದು ಎಂದಿದ್ದರು; ಅಲ್ಲಿ ಗಂಟು ಕಟ್ಟಿದವರಿಗೆ ಆಪರೇಷನ್ನಿನ ಕಲೆಯೂ ಗಂಟಾಗಿ ಉಬ್ಬುತ್ತದಂತೆ. ಆಮೇಲೆ ಹಾಳೆಯ ಮೇಲೆ ಬರೆದು ತೋರಿಸಿದರು. ಮೊಲೆತೊಟ್ಟಿನ ಸುತ್ತ ಒಂದು ಗೆರೆ, ಅಲ್ಲಿಂದ ನೇರ ಕೆಳಕ್ಕೆ ಒಂದು, ಎದೆಯ ಕೆಳಗಿನ ಮಡಿಕೆಯುದ್ದಕ್ಕೂ ಒಂದು. ಮೊದಮೊದಲು ಕೆಂಪಗೆ ಉಬ್ಬಿರುತ್ತದೆ. ಗಾಯ ಒಣಗಿದ ಮೇಲೆ ಸಿಲಿಕಾನ್ ಪಟ್ಟಿ ಅಂಟಿಸಿಕೊಳ್ಳಬೇಕು. ವರ್ಷ, ಒಂದೂವರೆ ವರ್ಷಕ್ಕೆ ಮಾಸುತ್ತದೆ, ಪೂರ್ತಿ ಅಳಿಸಿಹೋಗುತ್ತದೆ ಎಂದು ಮಾತು ಕೊಡಲಾರೆ ಎಂದರು. ಆ ಹಾಳೆ ಹಿಡಿದು ಕನ್ನಡಿಯ ಮುಂದೆ ದಿನವೂ ನಿಂತೆ. ನೋವೂ ಬೇಡ, ಕಲೆಯೂ ಬೇಡ, ಆದರೆ ಇವನು ಬೇಕು. ಯಾವುದನ್ನು ಬಿಡಲಿ?

“ಎಷ್ಟು ಹೊಲಿಗಿ?” ಎಂದ.

“ಭಾಳ ರೀ.”

“ಹ್ವಾದ ವರ್ಷ ಒಂದು ಎಮ್ಮಿಗೆ ಹದಿನಾರು ಹೊಲಿಗಿ ಹಾಕೇನಿ. ಈಗ ನೋಡಿದ್ರ ಗೊತ್ತ ಆಗಂಗಿಲ್ಲ.”

ನಾನು ಅವನನ್ನೇ ನೋಡಿದೆ. ತಾನು ಅಂದಿದ್ದೇನು ಎಂಬುದು ಅವನಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

“ನನ್ನ ಎಮ್ಮಿಗೆ ಹೋಲ್ಸಾಕ ಅಷ್ಟ ದೂರದಿಂದ ಬಂದ್ರೇನ್ರಿ?”

“ಏ, ಹಂಗಲ್ಲ! ಹಂಗಲ್ಲ ನಾ ಅಂದಿದ್ದು…”

ಅವನ ಪೇಚಾಟ ನೋಡಿ ನನಗೆ ನಗು ಬಂತು. ನಗುತ್ತಲೇ ಕಣ್ಣು ತುಂಬಿತು, ನನ್ನ ಮೇಲೆ ನನಗೇ ಸಿಟ್ಟೂ ಬಂತು.

“ಖರೇ ಹೇಳ್ರಿ. ನೋಡಿದ ದಿನ ನಿಮಗ ಹೇಸಿಗಿ ಅನಿಸಿದ್ರ?”

ಅವನು ಮುರಿದ ಮಿರ್ಚಿಯನ್ನು ತಟ್ಟೆಗಿಟ್ಟ. “ಹೇಸಿಗಿ ಅನಸಂಗಿಲ್ಲ. ಆದ್ರ ಕೆಟ್ಟ ಅನಸ್ತೈತಿ. ಇಷ್ಟು ಕೊಯ್ದಾರಲ್ಲ ಇಕಿನ್ನ ಅಂತ. ಮುಖಾ ಸಣ್ಣದಾದ್ರ ಅದಕ್ಕ ಆಗಿರ್ತೈತಿ. ನೀ ತಪ್ಪು ತಿಳೀಬ್ಯಾಡ.”

ಏನೂ ಅನಿಸುವುದಿಲ್ಲ ಎಂದಿದ್ದರೆ ನಾನು ನಂಬುತ್ತಿರಲಿಲ್ಲ. ಇದನ್ನು ನಂಬಿದೆ.

“ಮದವಿ ಶಿವರಾತ್ರಿ ಆದ ಮ್ಯಾಲೆ ಇಟ್ಕೊಳ್ಳೂಣು,” ಎಂದವನೇ ಅವ್ವನಿಗೆ ಫೋನ್ ಹಚ್ಚಿ, ಇಬ್ಬರಿಗೂ ಕೇಳಲೆಂದು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ. “ಅವ್ವಾ, ನನಗ ರಜಾ ಸಿಗವಲ್ದು. ಮದವಿ ಮುಂದ ಹಾಕಬೇಕು.”

ನನಗಾಗಿ ಸುಳ್ಳು ಹೇಳುತ್ತಿದ್ದ. ಮದುವೆಯೇ ಮುರಿದರೂ ಮುರಿಯಲಿ ಎಂದು ನಾನು ಫೋನಿನ ಕಡೆ ಬಾಗಿದೆ. “ಅತ್ತೀ, ರಜಾ ಅಲ್ರಿ. ಆಪರೇಷನ್ ಐತ್ರಿ, ನಂದು.” ಎದೆಯ ಭಾರ, ಬೆನ್ನು, ಕಲೆ ಎಲ್ಲ ಹೇಳಿದೆ.

ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು.

“ಯವ್ವಾ,” ಎಂದರು ಅವನ ಅವ್ವ ರೇವವ್ವ, “ಆ ಡಾಕ್ಟರಮ್ಮ ವಯಸ್ಸಾದೋರಿಗೂ ಮಾಡ್ತಾಳೇನು? ನಲವತ್ತು ವರ್ಷ ಆತು ನನ್ನ ಬೆನ್ನು ಹಿಂಗ ನೊಂದು. ಯಾರ ಮುಂದ ಹೇಳ್ಲಿ ಇದನ್ನ? ನೀ ಮೊದಲ ಮಾಡಿಸ್ಕೋ ನನ್ನವ್ವಾ. ಜಂಪರ ಆಮ್ಯಾಲೆ ಹೊಲಿಸಿದ್ರಾತು.”

ಫೋನ್ ಇಟ್ಟ ಮೇಲೆ ಅಮೋಘ ಎದುರಿಗಿದ್ದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ತನ್ನ ಅವ್ವನ ಬೆನ್ನುನೋವು ಅವನಿಗೆ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ಮೇಜಿನ ಕೆಳಗೆ ನಾನೇ ಅವನ ಕೈ ಹಿಡಿದೆ.

“ನೀವಂದ್ರ ನನಗ ಭಾಳ ಇಷ್ಟ ರೀ. ಆದ್ರ ಹೆದರಿಕಿ ಇನ್ನೂ ಹೋಗವಲ್ದು.”

“ಇರ್ಲಿ ಬಿಡು. ಸೊಲ್ಲಾಪುರದಾಗ ನಾ ಬಾಗಿಲ ಹೊರಗ ಕುಂತಿರ್ತೇನಿ.”

“ಒಂದಿನ ಎಲ್ಲಾ ನೋಡ್ತೀರಿ. ಅವತ್ತು?”

“ಅವತ್ತು ಅತ್ತರೂ ಅತ್ತೇನು,” ಎಂದು ಅವನು ನನ್ನ ಕೈ ಬಿಗಿಹಿಡಿದ. “ಎದ್ದು ಮಾತ್ರ ಹೋಗಂಗಿಲ್ಲ.”

ಹೊರಗೆ ಸಿಂದಗಿ ಬಸ್ಸು ಎರಡು ಸಲ ಹಾರ್ನ್ ಹೊಡೆಯಿತು. ನಾನು ಏಳಲಿಲ್ಲ.