ಹೊಲಿದ ಹಸಿಬೆ

“ಈ ಕಡೆ ಬಾಯಿ ಬಿಚ್ಚಬ್ಯಾಡ್ರಿ ಮೇಷ್ಟ್ರೆ. ಬಿಚ್ಚಿದ್ರೂ ಒಳಗಿನ ಹುರುಳಿ ಕುದುರಿಗೆ ಹಾಕಬ್ಯಾಡ್ರಿ. ಹಾಕಿದೋರು ಆಮ್ಯಾಲೆ ಇಳಿಯಂಗಿಲ್ಲ, ಕೂಡ್ರಂಗಿಲ್ಲ.”

ದಾವಣಗೆರೆಯ ಅಂಚಿನ ಆನೆಕೊಂಡದ ಹಳೆಯ ಮನೆಯ ಅಟ್ಟದಲ್ಲಿ ಮರುಳಸಿದ್ದಮ್ಮ ಎಣ್ಣೆಬುಡ್ಡಿ ಎತ್ತಿ ಹಿಡಿದು ನಿಂತಿದ್ದಳು. ಹಳೇ ತೊಗಲಿನ ಕಮಟು, ಇಲಿಹಿಕ್ಕೆಯ ನಾತ, ಅವೆರಡರ ಅಡಿಯಲ್ಲೆಲ್ಲೋ ತಣ್ಣಗಿನ ಬೂದಿಯ ವಾಸನೆ. ಕರಿಬಸವರಾಜ ಇದ್ಯಾವುದರ ಪರಿವೆಯಿಲ್ಲದೆ ಹಸಿಬೆಯನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದ. ಕುದುರೆಯ ಬೆನ್ನಿನ ಮೇಲೆ ಆಚೆಗೊಂದು ಈಚೆಗೊಂದು ಜೋತುಬೀಳುವ ಎರಡು ಬಾಯಿಯ ಚೀಲ ಅದು. ಒಂದು ಬಾಯಿ ತೆರೆದಿತ್ತು. ಇನ್ನೊಂದನ್ನು ಕಪ್ಪು ದಾರದಿಂದ ಒತ್ತೊತ್ತಾಗಿ ಹೊಲಿದಿದ್ದರು.

“ಇದೇನು ದಾರ ಅಜ್ಜಿ? ರೇಷ್ಮೆಯೇ?”

“ಕೂದಲು. ಹೆಣ್ಣಿನ ತಲೆಗೂದಲು.”

ಅವನಿಗೆ ನಗು ಬಂತು. ಬರದೆ ಏನು? ಮೈಸೂರಿನಲ್ಲಿ ಓದಿ, ದಾವಣಗೆರೆಯ ಹೈಸ್ಕೂಲಿಗೆ ಇತಿಹಾಸದ ಮೇಷ್ಟ್ರಾಗಿ ಬಂದು ಇನ್ನೂ ಬಟ್ಟೆ ಪೆಟ್ಟಿಗೆಯನ್ನೂ ಪೂರ್ತಿ ಬಿಚ್ಚಿರಲಿಲ್ಲ. ಹೊಳೆಯಾಚೆಯ ಬೊಂಬಾಯಿ ಸೀಮೆಯೂ ಈಚೆಯ ಮೈಸೂರು ಸೀಮೆಯೂ ಒಂದೇ ರಾಜ್ಯವಾದ ನವೆಂಬರು ಅದು. ಊರೆಲ್ಲ ಬಾವುಟ, ಭಾಷಣ. ಈ ಪುಣ್ಯಾತ್ಮನಿಗೆ ಒಂದು ಹುಚ್ಚು ಹಿಡಿದಿತ್ತು: ಪಾಳೆಗಾರರ ಕಾಲದ ಸವಾರನ ಹಾಗೆ ಕುದುರೆಯ ಮೇಲೆ ಸಾಮಾನು ಹೇರಿಕೊಂಡು ದಾವಣಗೆರೆಯಿಂದ ಹರಿಹರಕ್ಕೆ ಹೋಗಬೇಕು, ಹೊಳೆದಂಡೆಯಲ್ಲಿ ಬೀಡು ಬಿಡಬೇಕು. ಒಂದೊಂದು ಸಾಮಾನೂ ಅಸಲಿಯಾಗಿರಬೇಕು. ಬೆಂಕಿಪೊಟ್ಟಣ ಬೇಡ, ಚಕಮಕಿ ಕಲ್ಲೇ ಆಗಬೇಕು. ನೀರಿಗೆ ಸೋರೆಬುರುಡೆ. ಕುದುರೆ ಕಟ್ಟಲು ಜಾಲಿ ಗೂಟ, ಪುಂಡಿನಾರಿನ ಹಗ್ಗ. ಕುದುರೆ ಕಂಡರೆ ಕಾಲುನೋವು ಅನ್ನುವ ಗಾದೆಯ ಜಾತಿಯ ಮನುಷ್ಯ, ಎರಡು ವಾರ ಜಟಕಾದ ಕುದುರೆಯ ಮೇಲೆ ಕೂತು ಕಲಿತು, ತೊಡೆ ತರಚಿಕೊಂಡು, ಕೊನೆಗೆ ಸವಾರ ಕೂರುವ ತಡಿ ಮತ್ತು ಹಸಿಬೆ ಹುಡುಕಿಕೊಂಡು ಇಲ್ಲಿಗೆ ಬಂದಿದ್ದ.

“ನಮ್ಮ ಹಿರೇರಾಗ ಒಬ್ಬ ಸವಾರ ಇದ್ದನಂತೆ,” ಅಂದಳು ಮರುಳಸಿದ್ದಮ್ಮ. ದನಿಯಲ್ಲಿ ಹೆದರಿಕೆಗಿಂತ ಸುಸ್ತೇ ಹೆಚ್ಚಿತ್ತು. “ಬರಗಾಲದಾಗ ಆನಗೋಡಿನ ಕಡೆ ಒಬ್ಬಾಕಿ ಅಂಗಳದಾಗ ಬೀಡು ಬಿಟ್ಟ. ಕುದುರಿಗೆ ಮೇವಿಲ್ಲ ಅಂತ ಆಕಿ ಗುಡಾಣದಾಗಿನ ಬಿತ್ತನೆ ಹುರುಳಿ ತಗದು ಹಾಕಿದ. ಕಾಲಿಗೆ ಬಿದ್ರೂ ಬಿಡ್ಲಿಲ್ಲ. ಆಕಿ ಕೂಸು ಹಸಿವಿಗೆ ಸತ್ತೋಯ್ತು. ಆಕಿ ಮಾಟ ಬಲ್ಲೋಳು. ಆರಿದ ಒಲಿ ಬೂದಿನ ಉಳಿದ ಹುರುಳಿಗೆ ಕಲಸಿ, ಅವನ ಹಸಿಬ್ಯಾಗ ತುಂಬಿ, ತನ್ನ ಕೂದಲು ಕಿತ್ತು ಹೊಲದ್ಲು. ‘ನಿನಗೆ ಇಳಿಯೋಕೆ ನೆಲ ಸಿಗದಿರ್ಲಿ’ ಅಂದ್ಲು.”

“ಸಿಗಲಿಲ್ಲವೋ?”

“ಕುದುರಿ ಮ್ಯಾಲೇ ಸತ್ತ.” ಅವಳು ಬುಡ್ಡಿಯನ್ನು ಅವನ ಮುಖದ ಹತ್ತಿರ ತಂದಳು. “ದೋಷ ಹೇಳೀನಿ. ಕೇಳಿಸ್ಕಂಡ್ರೋ ಇಲ್ಲೋ? ಹೂಂ ಅನ್ರಿ.”

“ಹೂಂ, ಹೂಂ, ಹೂಂ! ಸಾಕೇ?” ಅಂದ ಕರಿಬಸವರಾಜ, ಮಕ್ಕಳಿಗೆ ಅಂದಂತೆ.

ಏಣಿ ಇಳಿದು ಬಂದಾಗ ಅಂಗಳದಲ್ಲಿ ಅವಳ ಮಗ ಕೆಂಚವೀರಪ್ಪ ನಡೆಯುತ್ತಿದ್ದ. ಒರಳುಕಲ್ಲಿನ ಸುತ್ತ, ಮೆಲ್ಲಗೆ, ಗಾಣದೆತ್ತಿನ ಹಾಗೆ. ಮೇಷ್ಟ್ರು ಹತ್ತುವಾಗಲೂ ಹೀಗೇ ನಡೆಯುತ್ತಿದ್ದ. ಪಾದಗಳಿಗೆ ಚಿಂದಿ ಸುತ್ತಿದ್ದ. ಕಣ್ಣು ಒಳಗೆ ಹೋಗಿದ್ದವು.

“ಕೂತುಕೊಳ್ಳಿ, ನನಗೇನು ಮರ್ಯಾದೆ,” ಅಂದ ಕರಿಬಸವರಾಜ.

ಕೆಂಚವೀರಪ್ಪ ನಕ್ಕಂತೆ ಮಾಡಿ ಮುಂದೆ ನಡೆದ. “ಅವನು ಕೂಡ್ರಲ್ರಿ,” ಅಂದಳು ತಾಯಿ, ಬೇರೆ ಕಡೆ ನೋಡುತ್ತ.

ಮರುದಿನ ಹೊತ್ತು ಹುಟ್ಟುವಾಗ ಜಟಕಾ ಸಾಹೇಬ ಅಮೀರ್ ಜಾನ್ ತನ್ನ ಕುದುರೆಯನ್ನು ಮೇಷ್ಟ್ರ ಬಾಡಿಗೆ ಮನೆ ಮುಂದೆ ತಂದು ನಿಲ್ಲಿಸಿದ. ಬಿಜಲಿ ಅಂತ ಅದರ ಹೆಸರು. ಹೆಸರೇ ಮಿಂಚು, ವಯಸ್ಸಾದ ಹೆಣ್ಣು ಕುದುರೆ. ಅದನ್ನು ಅವನು ಯಾವತ್ತೂ “ಅದು” ಅನ್ನುತ್ತಿರಲಿಲ್ಲ, “ಆಕಿ” ಅನ್ನುತ್ತಿದ್ದ. ಆಕೆ ತಿನ್ನದೆ ತಾನು ಚಾ ಕೂಡ ಕುಡಿಯುತ್ತಿರಲಿಲ್ಲ. “ಹುಷಾರು ಸಾಹೇಬ್ರೆ. ನಮ್ಮ ಮನಿ ಒಲಿ ಉರಿಯೋದು ಆಕಿ ಕಾಲಿನ ಮ್ಯಾಲೆ,” ಅಂದ.

ತಡಿ ಬಿಗಿದರು. ಕಂಬಳಿ ಸುತ್ತಿ ಹಿಂದಕ್ಕೆ ಕಟ್ಟಿದರು. ಹಸಿಬೆ ಹಾಕಿದ ಕೂಡಲೇ ತೊಂದರೆ ಶುರುವಾಯಿತು. ತೆರೆದ ಬಾಯಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗೂಟ, ಚಕಮಕಿ ಎಲ್ಲ ತುರುಕಿದರೂ ಹೊಲಿದ ಕಡೆಯೇ ಭಾರ. ತಡಿ ಅತ್ತಲೇ ವಾಲುತ್ತಿತ್ತು.

“ಈ ಕಡೆ ಒಂದು ಕಲ್ಲು ಹಾಕ್ರಿ,” ಅಂದ ಅಮೀರ್ ಜಾನ್.

“ಯಾವ ಸವಾರನಾದರೂ ಕಲ್ಲು ಹೊತ್ತುಕೊಂಡು ಹೋಗುತ್ತಿದ್ದನೇನಯ್ಯ? ಎಲ್ಲಾದರೂ ಉಂಟೇ?”

ಅಮೀರ್ ಜಾನ್ ಹಿಂದಿನಿಂದ ಬರಲೆಂದು ತಂದಿದ್ದ ಸೈಕಲ್ಲಿಗೆ ಗಾಳಿ ಹೊಡೆಸಲು ಬೀದಿ ಕೊನೆಗೆ ಹೋದಾಗ ಕರಿಬಸವರಾಜ ಚಾಕು ತೆಗೆದ. ಹೊಲಿಗೆ ಕೊಯ್ದ. ಕೂದಲು ಕಿರ್ರೆಂದು ಹರಿಯಿತು. ಒಳಗೆ ಬೂದಿ ಮೆತ್ತಿದ ಹುರುಳಿ, ಒಂದೂ ಹುಳ ಹಿಡಿಯದೆ, ನಿನ್ನೆ ಒಕ್ಕಿದ ಹಾಗೆ. ಬೂದಿ ಕಲಸಿದ ಕಾಳು ಬೀಜದ ಕಾಳು, ಬೀಜವನ್ನು ದನಕ್ಕೆ ಹಾಕಬಾರದು ಅನ್ನುವುದು ಈ ಸೀಮೆಯ ಕೂಸಿಗೂ ಗೊತ್ತು. ಹರಿಹರದ ಕಡೆಯ ಒಕ್ಕಲುಮನೆಯವನ ಮೊಮ್ಮಗ ಇವನು, ಇವನಿಗೂ ಗೊತ್ತಿರಬೇಕಿತ್ತು. ಆದರೆ ಅವನ ತಲೆಗೆ ಬಂದದ್ದೇ ಬೇರೆ: ಸವಾರನ ಕುದುರೆ ತಿಂದ ಹುರುಳಿ! ಇದಕ್ಕಿಂತ ಅಸಲಿ ಇನ್ನೇನು ಬೇಕು? ಒಂದು ಬೊಗಸೆ ತೆಗೆದು ಬಿಜಲಿಯ ಮುಂದೆ ಹಿಡಿದ. ಅದು ಮೂತಿ ತಿರುಗಿಸಿತು. ಮತ್ತೆ ಹಿಡಿದ. ಮೂಸಿತು. ನಡುಗಿತು. ತಿಂದಿತು.

ಊರು ದಾಟುವವರೆಗೆ ಎಲ್ಲ ಸರಿಯಿತ್ತು. ಗಿರಣಿಯ ಕೂಗು, ಗಾಳಿಯಲ್ಲಿ ಹಾರುವ ಹತ್ತಿಯ ಎಳೆ, ಬೀದಿಯ ಮಕ್ಕಳ ಕೇಕೆ. ಕರಿಬಸವರಾಜ ಎದೆಯುಬ್ಬಿಸಿ ಕೂತಿದ್ದ. ಹರಿಹರದ ರಸ್ತೆಯಲ್ಲಿ ಬಿಸಿಲು ಏರಿದಾಗ ಮೈ ನೋಯತೊಡಗಿತು. ಒಂದು ಹುಣಸೆಮರದ ನೆರಳು ಕಂಡು, ಇಳಿದು ರೊಟ್ಟಿ ಮುರಿಯೋಣ ಅಂತ ಲಗಾಮು ಎಳೆದ.

ಬಿಜಲಿ ನಿಲ್ಲಲಿಲ್ಲ.

ಅಮೀರ್ ಜಾನ್ ಸೈಕಲ್ಲು ಬಿಸಾಕಿ ಓಡಿಬಂದು ಮುಂದೆ ನಿಂತು ಲಗಾಮು ಹಿಡಿದ. ಬಿಜಲಿಯ ಮೈ ನಿಂತಿತು. ಕಾಲು ನಿಲ್ಲಲಿಲ್ಲ. ಇದ್ದಲ್ಲೇ ಟಪ್ಪ ಟಪ್ಪ ತುಳಿಯುತ್ತಿತ್ತು. ಕರಿಬಸವರಾಜ ಪಾದ ಊರುವ ಕಬ್ಬಿಣದ ರಿಕಾಪಿನಿಂದ ಕಾಲು ಎಳೆದ. ಕಾಲು ಬರಲಿಲ್ಲ. ಹಿಡಿದದ್ದು ಕಬ್ಬಿಣವಲ್ಲ. ಸೊಂಟದ ಕೆಳಗಿನ ಮೈಯೇ ಅವನ ಮಾತು ಕೇಳುತ್ತಿರಲಿಲ್ಲ.

ಆಗ ಹಿಂದುಗಡೆಯಿಂದ ಸದ್ದು ಕೇಳಿಸಿತು. ಕರ್ರ್. ಕರ್ರ್. ಗುಡಾಣದ ತಳವನ್ನು ಯಾರೋ ಉಗುರಿನಿಂದ ಕೆರೆಯುವ ಸದ್ದು.

“ಕೇಳಿಸ್ತಾ ಅಮೀರ್ ಜಾನ್?”

“ಏನ್ರಿ?”

ತಣ್ಣನೆಯ ಬೂದಿಯ ವಾಸನೆ ಕತ್ತಿನ ಹಿಂದೆ ಉಸಿರಾಡಿತು. ಅವನು ತಿರುಗಲಿಲ್ಲ. ತಿರುಗುವ ಧೈರ್ಯವಿರಲಿಲ್ಲ. ಹಸಿಬೆಗೆ ಕೈಹಾಕಿ ಹುರುಳಿಯನ್ನು ಬೊಗಸೆ ಬೊಗಸೆಯಾಗಿ ರಸ್ತೆಗೆ ಚೆಲ್ಲಿದ. ಚೆಲ್ಲಿದಷ್ಟೂ ಚೀಲ ತುಂಬಿಯೇ ಇತ್ತು. “ಪಟ್ಟಿ ಕೊಯ್ಯಿ!” ಅಂತ ಚೀರಿದ. ಅಮೀರ್ ಜಾನ್ ತಡಿಯ ಹೊಟ್ಟೆಪಟ್ಟಿ ಕೊಯ್ದ. ಪಟ್ಟಿ ತುಂಡಾಗಿ ಜೋತುಬಿತ್ತು. ತಡಿ ಕದಲಲಿಲ್ಲ. ಕುದುರೆಯ ಬೆನ್ನಿಗೆ ಬೇರು ಬಿಟ್ಟಂತೆ ಕೂತಿತ್ತು. ಅಮೀರ್ ಜಾನನ ಕೈಯಿಂದ ಚಾಕು ಬಿತ್ತು. “ಯಾ ಅಲ್ಲಾ,” ಅಂದ.

ಹರಿಹರದ ಹೊಳೆದಂಡೆಯಲ್ಲಿ ಮೇಷ್ಟ್ರು ಬರುವ ಸುದ್ದಿ ಕೇಳಿ ಹಾರ ಹಿಡಿದುಕೊಂಡು ಕಾದಿದ್ದವರು ಚಪ್ಪಾಳೆ ತಟ್ಟಿದರು. “ಇಳೀರಿ ಮೇಷ್ಟ್ರೆ, ಬರ್ರಿ, ಕೂಡ್ರಿ” ಅಂದರು. ಅವನು ಇಳಿಯಲಿಲ್ಲ. ತಮಾಷೆ ಅಂದುಕೊಂಡು ನಕ್ಕರು. ನೀರಿಗಿಳಿದರೆ ಬಿಟ್ಟೀತು ಅನ್ನಿಸಿ ಕುದುರೆಯನ್ನು ತುಂಗಭದ್ರೆಯಲ್ಲಿ ಹೊಟ್ಟೆಮಟ್ಟ ಇಳಿಸಿದ. ತಣ್ಣಗಿನ ನೀರು ತೊಡೆಗೆ ತಾಗಿತು. ಕಣ್ಣು ಮುಚ್ಚಿಬಂತು, ಒಂದೇ ಒಂದು ಗಳಿಗೆ. ಕರ್ರ್. ಕಿವಿಯೊಳಗೇ ಕೆರೆದ ಹಾಗೆ. ಎಚ್ಚರವಾಯಿತು. ಬಿಜಲಿ ಆಗಲೇ ದಂಡೆ ಹತ್ತಿ ಬಂದ ದಾರಿಗೆ ತಿರುಗಿತ್ತು.

ಆನೆಕೊಂಡ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಬಿಜಲಿಯ ಬಾಯಲ್ಲಿ ನೊರೆ, ಮೂಗಿನಲ್ಲಿ ರಕ್ತ. ಕರಿಬಸವರಾಜನ ಬೆನ್ನು ಬಿಲ್ಲಾಗಿತ್ತು. ಹೆದರಿಕೆ ಯಾವಾಗಲೋ ಸತ್ತುಹೋಗಿತ್ತು. ಉಳಿದದ್ದು ಒಂದೇ ಆಸೆ: ಇಳಿಯಬೇಕು. ಮಣ್ಣಾದರೂ ಸರಿ, ಸಗಣಿಯಾದರೂ ಸರಿ, ಮೈ ಚೆಲ್ಲಬೇಕು.

ಅಂಗಳದ ಒರಳುಕಲ್ಲಿನ ಸುತ್ತ ಯಾರೂ ಇರಲಿಲ್ಲ. ಜಗಲಿಯ ಮೇಲೆ ಕೆಂಚವೀರಪ್ಪ ಅಂಗಾತ ಬಿದ್ದುಕೊಂಡು ಗೊರಕೆ ಹೊಡೆಯುತ್ತಿದ್ದ. ಮರುಳಸಿದ್ದಮ್ಮ ಅವನ ತಲೆಯ ಹತ್ತಿರ ಕೂತು ಬೀಸಣಿಗೆ ಬೀಸುತ್ತಿದ್ದಳು. ಮುಖವೆಲ್ಲ ಕಣ್ಣೀರು.

ಬಿಜಲಿ ಅಂಗಳದಲ್ಲಿ ನಿಂತಲ್ಲೇ ತುಳಿಯತೊಡಗಿತು. ಅಮೀರ್ ಜಾನ್ ಲಗಾಮನ್ನು ಕಂಬಕ್ಕೆ ಸುತ್ತಿ, “ನೀರು ಕುಡಸ್ತೀನಿ, ಮೊದ್ಲು ಆಕಿಗೆ ನೀರು,” ಅಂತ ಹಿತ್ತಲ ಬಾವಿಗೆ ಓಡಿದ.

ಮುದುಕಿ ಎದ್ದು ಬಂದಳು. “ಬೆಳಿಗ್ಗೆ ಹೊತ್ತು ಹುಟ್ಟೋ ಹೊತ್ನಾಗ ನನ್ನ ಮಗ ಕುಂತ,” ಅಂದಳು ಪಿಸುದನಿಯಲ್ಲಿ. “ಕುಂತ್ಕಂಡು ಅತ್ತ. ಅಳ್ತಾ ಅಳ್ತಾ ಮಲಗಿದ. ಅವಾಗ ತಿಳೀತು ನನಗೆ, ನೀವು ಹಾಕಿದ್ರಿ ಅಂತ.”

“ಇಳಿಸಮ್ಮಾ,” ಅಂದ ಕರಿಬಸವರಾಜ. ನಾಲಿಗೆ ಅಂಟುತ್ತಿತ್ತು. “ನಿನ್ನ ಕಾಲಿಗೆ ಬೀಳುತ್ತೇನೆ ಅನ್ನೋಣವೆಂದರೆ ಅದಕ್ಕೂ ಇಳಿಯಬೇಕು.”

“ನಾ ಇಳಸಾಕ ಆಗಂಗಿಲ್ಲಪ್ಪ. ದನದ ಸಂತ್ಯಾಗ ಕೆಟ್ಟ ಸುಳಿ ಇರೋ ಎತ್ತು ಮಾರೋವಾಗ ಸುಳಿ ಹೇಳಿ ಮಾರ್ತೀವಿ. ಕೊಳ್ಳೋನು ಹೂಂ ಅಂದ್ರೆ ಆ ದೋಷ ಅವನದು. ಇದೂ ಹಂಗೆ. ಕೆಂಚವೀರ ಸಣ್ಣೋನಿದ್ದಾಗ ಹೊಲಿಗಿ ಬಿಚ್ಚಿ ಎತ್ತಿಗೆ ಈ ಹುರುಳಿ ಹಾಕಿಬಿಟ್ಟಿದ್ದ, ಆಮ್ಯಾಲೆ ನಾನೇ ನನ್ನ ಕೂದಲಿಂದ ತಿರುಗಿ ಹೊಲದಿಟ್ಟೆ. ಆವತ್ತಿಂದ ಕುಂತಿದ್ದಿಲ್ಲ, ಕಂಬ ಹಿಡ್ಕಂಡು ನಿಂತು ತೂಕಡಿಸ್ತಿದ್ದ. ಈ ಕಡೆ ಜನಕ್ಕೆಲ್ಲ ಗೊತ್ತು, ಯಾರೂ ಹೂಂ ಅನ್ನಲಿಲ್ಲ. ನೀವು ಅಂದ್ರಿ.”

“ನಾನು ಬಿಚ್ಚದೆ ಇದ್ದಿದ್ದರೆ?”

“ಓದಿದೋರು ಬಿಚ್ಚದೆ ಬಿಡಲ್ಲ ಅನ್ನೋದು ಗೊತ್ತಿತ್ತು. ಶಾಪ ಹಾಕ್ರಿ ನನಗೆ. ಹೆತ್ತೋಳು ನಾನು.” ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ನೀವೂ ಯಾರಿಗಾರ ಹೇಳ್ರಿ. ಅವರು ಹೂಂ ಅನಬೇಕು, ಅವರ ಕೈಯಾರೆ ಹಾಕಬೇಕು. ಬ್ಯಾರೆ ದಾರಿ ಇಲ್ಲ.”

ಅಮೀರ್ ಜಾನ್ ಕೊಡ ಹೊತ್ತು ಬಂದ. ಬಿಜಲಿ ನೀರಿಗೆ ಮೂತಿ ಹಾಕಲಿಲ್ಲ. ಅದರ ಮುಂಗಾಲು ಮಡಚುತ್ತಿದ್ದವು, ಮಡಚಿದ ಕಾಲು ಮತ್ತೆ ಏಳುತ್ತಿದ್ದವು. ಅವನು ಅದರ ಕುತ್ತಿಗೆ ತಬ್ಬಿಕೊಂಡ. “ಬೆಳಿಗ್ಗಿಂದ ಒಂದು ಕಾಳು ತಿಂದಿಲ್ಲ ನನ್ನವ್ವ. ಸಾಯ್ತಾಳೆ ಸಾಹೇಬ್ರೆ ಆಕಿ, ಸಾಯ್ತಾಳೆ. ಖತೀಜಾಬೀಗೆ ಏನಂತ ಹೇಳ್ಲಿ ನಾನು?” ಹೆಂಡತಿಯ ಹೆಸರು ಹೇಳುವಾಗ ಅವನ ದನಿ ಒಡೆಯಿತು. ಕಣ್ಣು ಹಸಿಬೆಯ ಮೇಲೆ ಬಿತ್ತು. “ಅದ್ರಾಗ ಹುರುಳಿ ಐತಲ್ರಿ.”

ಕರಿಬಸವರಾಜ ಬೇಡ ಅನ್ನಬೇಕು. ಜೋರಾಗಿ ಅನ್ನಬೇಕು. ಅಮೀರ್ ಜಾನನಿಗೂ ಮನೆಯುಂಟು, ಮಕ್ಕಳುಂಟು. ಕರ್ರ್. ಕರ್ರ್. ಕತ್ತಿನ ಮೇಲೆ ಬೂದಿಯ ಉಸಿರು.

“ಅದನ್ನು ಹಾಕಬೇಡ ಅಮೀರ್ ಜಾನ್,” ಅಂದ. ದನಿ ತೀರಾ ಸಣ್ಣದಾಗಿ ಬಂತು. “ಮಾಟದ ಹುರುಳಿ. ಹಾಕಿದವನು ಇಳಿಯುವ ಹಾಗಿಲ್ಲ, ಕೂರುವ ಹಾಗಿಲ್ಲ. ನಾನು ಹಾಕಿದೆ, ಹೀಗಾದೆ. ಕೇಳಿಸಿತೇ?”

“ಹೂಂ ರೀ, ಹೂಂ. ಆಮ್ಯಾಲೆ ಹೇಳ್ರಿ. ಮೊದ್ಲು ಆಕಿ ತಿನ್ಲಿ.”

ಅಮೀರ್ ಜಾನನ ಕೈ ಹಸಿಬೆಯ ಬಾಯಿಗೆ ಹೋಯಿತು. ಕರಿಬಸವರಾಜನ ಕೈಗೂ ಹಸಿಬೆಗೂ ಗೇಣು ದೂರ. ಹಿಡಿಯಬಹುದಿತ್ತು. ಕೈ ಒಳಗಿಳಿಯಿತು. ಹಿಡಿಯಬಹುದಿತ್ತು. ಬೊಗಸೆ ಮೇಲೆ ಬಂತು. ಮರುಳಸಿದ್ದಮ್ಮ ಮುಖ ತಿರುಗಿಸಿದಳು. ಕರಿಬಸವರಾಜ ತಿರುಗಿಸಲಿಲ್ಲ, ನೋಡುತ್ತಲೇ ಇದ್ದ. ಬಿಜಲಿ ಬೊಗಸೆಗೆ ಬಾಯಿ ಹಾಕಿತು.

ತಡಿ ಸರಕ್ಕನೆ ಜಾರಿತು. ಮೇಷ್ಟ್ರು ನೆಲಕ್ಕೆ ಬಿದ್ದ. ಮೊಣಕೈ ತರಚಿತು, ಬಾಯಿಗೆ ಮಣ್ಣು ಬಂತು. ಆ ಮಣ್ಣಿನ ರುಚಿಗೆ ಅವನು ಬಿಕ್ಕಿಬಿಕ್ಕಿ ಅತ್ತ. ಬಿಜಲಿ ಮಂಡಿಯೂರಿ, ಪಕ್ಕಕ್ಕೆ ಒರಗಿ, ದೊಡ್ಡದೊಂದು ಉಸಿರು ಬಿಟ್ಟು ಕಣ್ಣು ಮುಚ್ಚಿತು.

“ಬದುಕಿದ್ಲು! ಬದುಕಿದ್ಲು ರೀ!” ಅಮೀರ್ ಜಾನ್ ಕುಣಿದಂತೆ ಅದರ ಸುತ್ತ ಒಂದು ಸುತ್ತು ಬಂದ. ಇನ್ನೊಂದು ಸುತ್ತು ಬಂದ. ಅದರ ತಲೆಯ ಹತ್ತಿರ ಕೂರಲು ಬಗ್ಗಿದ. ಕೂರಲಾಗಲಿಲ್ಲ. ನಕ್ಕ. ಮತ್ತೆ ಬಗ್ಗಿದ.

ಕರಿಬಸವರಾಜ ತೆವಳಿಕೊಂಡು ಜಗಲಿ ಹತ್ತಿ ಕೆಂಚವೀರಪ್ಪನ ಪಕ್ಕಕ್ಕೆ ಬಿದ್ದ. ಮರುಳಸಿದ್ದಮ್ಮ ತಲೆಗೊಂದು ದಿಂಬು ಕೊಟ್ಟಳು, ಕಂಬಳಿ ಹೊದಿಸಿದಳು. ಕಲ್ಲು ಚಪ್ಪಡಿ ಬೆನ್ನಿಗೆ ತಣ್ಣಗೆ ತಾಗುತ್ತಿತ್ತು. ಆಹಾ, ಅಷ್ಟು ಸುಖ ಅವನು ಜನ್ಮದಲ್ಲಿ ಕಂಡಿರಲಿಲ್ಲ.

ಅಂಗಳದಲ್ಲಿ ಹೆಜ್ಜೆಯ ಸದ್ದು ಸುತ್ತುತ್ತಿತ್ತು. ಸ್ವಲ್ಪ ಹೊತ್ತಿಗೆ ಅದು ಜಗಲಿಯ ಹತ್ತಿರ ಬಂತು, ಇದ್ದಲ್ಲೇ ತುಳಿಯತೊಡಗಿತು.

“ಸಾಹೇಬ್ರೆ,” ಅಂದ ಅಮೀರ್ ಜಾನ್. “ಕಾಲು ನಿಲ್ಲವಲ್ವು ರೀ. ಸಾಹೇಬ್ರೆ, ಎದ್ದೀರಾ? ಏನೋ ಹೇಳಿದ್ರಲ್ಲ ನೀವು, ನಾ ಸರಿಯಾಗಿ ಕೇಳ್ಲಿಲ್ಲ. ಇನ್ನೊಂದ್ಸಲ ಹೇಳ್ರಿ.”

ಕರಿಬಸವರಾಜನಿಗೆ ಇನ್ನೂ ನಿದ್ದೆ ಬಂದಿರಲಿಲ್ಲ. ಅವನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಪಕ್ಕದಲ್ಲಿ ಮಲಗಿದವನ ಉಸಿರಿನ ಲಯಕ್ಕೆ ಸರಿಯಾಗಿ ಗೊರಕೆ ಹೊಡೆಯತೊಡಗಿದ.