ಫ್ಯಾನೂ ಬಾಯಿ ಮುಚ್ಚಿದ ಗಳಿಗೆ

ಕಥೆಯೊಳಗಿನ ಕೊಲೆಗಾರ ಬಾಯಿಬಿಡುವ ಹೊತ್ತಿಗೆ ಸರಿಯಾಗಿ ರೆಕಾರ್ಡಿಂಗಿನಲ್ಲಿ ದನಿ ಮಾಯವಾಯಿತು. ಮತ್ತೆ ಅರ್ಧ ಮಾತು. ಮತ್ತೆ ಏನೂ ಇಲ್ಲ.

ಧ್ವನಿಪುಸ್ತಕ ಮಾಡಿಸುವ ಯಜಮಾನರು ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಎಸೆದರು.

“ಇವತ್ತೂ ಇದೇ ಹಾಡಾ? ಸಂಜೆಯೊಳಗೆ ಸರಿಹೋಗದಿದ್ರೆ ಈ ಪುಸ್ತಕ ನಿಮ್ಮ ತಂಗಿ ಓದಲಿ. ನೀವು ಮನೇಲಿರಿ.”

ಓದುವ ಅಕ್ಕ ತಲೆ ತಗ್ಗಿಸಿದಳು. ಕಂಪ್ಯೂಟರ್ ನೋಡಿಕೊಳ್ಳುವ ತಂಗಿ ಅವಳ ಬೆನ್ನು ಸವರಿದಳು.

“ಅಪ್ಪನಿಗೂ ಹೀಗೇ ಶುರುವಾಗಿದ್ದು, ಅಕ್ಕ. ಮಾತಿನ ಮಧ್ಯೆ ನಿಂತ್ಹೋಗೋದು. ಕೊನೆಗೆ ನೀರು ಬೇಕು ಅನ್ನೋಕೂ ಆಗಲಿಲ್ಲ. ನಿನಗೇ ಗೊತ್ತಾಗ್ತಿಲ್ಲ, ಅಷ್ಟೆ.”

ಆ ಹೆದರಿಕೆಗೆ ಅಕ್ಕ ಮನೆಯಲ್ಲಿ ಮಾತೇ ಬಿಟ್ಟಿದ್ದಳು. ಮಗಳು ಕಥೆ ಹೇಳೆಂದರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು.

ಹೊಸ ಮೈಕು, ಹೊಸ ವೈರು ಎಲ್ಲ ಹಾಕಿ ನೋಡಿದ್ದಾಗಿತ್ತು. ಕೊನೆಗೆ ರಿಪೇರಿ ಮಾಮನನ್ನು ಕರೆಸಿದರು. ಅವನು ಅಕ್ಕನ ಓದಿನ ರೆಕಾರ್ಡಿಂಗನ್ನು ಕಣ್ಣು ಮುಚ್ಚಿ ಕೇಳಿದ.

“ಹಿಂದೆ ಗುಂಯ್ ಅನ್ನೋದು ಏನು?”

“ಪಕ್ಕದ ರೂಮಿನ ಫ್ಯಾನು. ಏನು ಮಾಡಿದ್ರೂ ಹೋಗಲ್ಲ, ದರಿದ್ರದ್ದು!” ಎಂದರು ಯಜಮಾನರು.

“ಮಧ್ಯೆ ಮಧ್ಯೆ ಆರಿಸ್ತೀರಾ?”

“ಯಾಕೆ ಆರಿಸ್ತೀವಿ?”

ಮಾಮ ಲಿನಕ್ಸ್ ಕಂಪ್ಯೂಟರಿನ ಮುಂದೆ ಕೂತು ಪರದೆ ನೋಡಿದ. ಆಮೇಲೆ ತಂಗಿಯ ಕಡೆ ತಿರುಗಿದ.

“ತಂಗ್ಯಮ್ಮ, ನೀವು ಓದಿದ್ದು ಇದೆಯಾ?”

ಇತ್ತು. ಮಾದರಿಗೆಂದು ಓದಿದ್ದು — ಎಲ್ಲೂ ತುಂಡಾಗಿರಲಿಲ್ಲ.

“ಇದೇ ಕಂಪ್ಯೂಟರಾ? ಸೆಟ್ಟಿಂಗೂ ಇದೇನಾ?”

“ಇದೇ. ನಾನು ಏನೂ ಬದಲಾಯಿಸಿಲ್ಲ. ಮಷಿನ್ ಸರಿಯಾಗಿದೆ, ಪಾಪ ಅಕ್ಕನೇ…”

“ಹಾಗಾದ್ರೆ ಈಗ ಒಳಗೆ ಹೋಗಿ ನಾಲ್ಕು ಸಾಲು ಓದಿ.”

ತಂಗಿಯ ಕೈ ಮೌಸಿನ ಕಡೆ ಹೋಯಿತು. ಮಾಮ ಅಡ್ಡ ಕೈ ಇಟ್ಟ. “ಬೇಡ — ಇದ್ದ ಹಾಗೇ ಇರಲಿ.”

ಓದಿದಳು. ಅವಳ ದನಿಯೂ ತುಂಡು ತುಂಡಾಗಿಯೇ ಬಂತು.

“ಅಪ್ಪನ ಕಾಯಿಲೆ ನಿಮಗೂ ಬಂತಾ?” ಎಂದ ಮಾಮ. “ಫ್ಯಾನಿಗೂ ಬಂದಿದೆ ನೋಡಿ! ಮನುಷ್ಯ ಮಾತು ನಿಲ್ಲಿಸಿದ್ರೆ ಹಿಂದಿನ ಫ್ಯಾನ್ ಕೇಳಿಸ್ತಾನೇ ಇರಬೇಕು. ಅಕ್ಕನ ದನಿ ಹೋದ ಕಡೆಯೆಲ್ಲ ಅದರ ಸದ್ದೂ ಹೋಗಿದೆ. ಯಜಮಾನ್ರೇ, ಓದಿದ್ದರಲ್ಲಿ ತಪ್ಪಿಲ್ಲ. ಹಿಡಿದಿದ್ದರಲ್ಲಿ ತಪ್ಪಿದೆ.”

“ಅಂದ್ರೆ?”

“ನಲ್ಲಿ ಕೆಳಗೆ ಪಾತ್ರೆ ಹಿಡಿದ ಹಾಗೆ, ಬರೋ ದನಿ ತುಂಬಿಕೊಳ್ಳೋಕೆ ಕಂಪ್ಯೂಟರಲ್ಲಿ ಬಫರ್ ಅಂತ ಜಾಗ ಇಡಬೇಕು. ಇಲ್ಲಿ ಚಮಚ ಹಿಡಿದಿದ್ದಾರೆ! ಜೊತೆಗೆ ಹಿಂದೆ ದೊಡ್ಡ ವಿಡಿಯೋ ಕೆಲಸ ಓಡ್ತಿದೆ. ಚಮಚ ತುಂಬಿದ್ರೂ ತೆಗೆಯೋಕೆ ಕಂಪ್ಯೂಟರಿಗೆ ಪುರುಸೊತ್ತಿಲ್ಲ. ಚೆಲ್ಲಿದ್ದೆಲ್ಲ ಅಕ್ಕನ ಮಾತು. ತನ್ನ ಸರದಿ ಬಂದಾಗ ಮಾತ್ರ ತಂಗ್ಯಮ್ಮ ಬಕೆಟ್ ಹಿಡಿದಿದ್ದಾರೆ.”

ತಂಗಿ ಅಳಲಿಲ್ಲ. “ನಾನೂ ಚೆನ್ನಾಗೇ ಓದ್ತೀನಿ. ಯಾರಾದ್ರೂ ಒಂದು ಸಲ ಕೇಳಿದ್ರಾ?”

ಮಾಮ ವಿಡಿಯೋ ಕೆಲಸ ನಿಲ್ಲಿಸಿ, ಬಫರ್ ದೊಡ್ಡದು ಮಾಡಿದ. ಅಲ್ಲಿವರೆಗೆ ಕಾದಿದ್ದ ಅಕ್ಕ ಒಳಗೆ ಹೋಗಿ ಮೈಕಿನ ಮುಂದೆ ಕೂತಳು.

“ಹೆಡ್‌ಫೋನ್ ಹಾಕ್ಕೋ,” ಎಂದಳು ತಂಗಿಗೆ. “ಕೊಲೆಗಾರ ಬಾಯಿಬಿಡೋ ಪುಟ. ಪೂರ್ತಿ ಕೇಳಿಸ್ಕೊ. ಆಮೇಲೆ ನನ್ನ ಮನೆ ಬಾಗಿಲಿಗೆ ಬರಬೇಡ.”

ಓದಿದಳು. ಒಂದಕ್ಷರ ಚೆಲ್ಲಲಿಲ್ಲ. ಮುಗಿದ ಮೇಲೂ ತಂಗಿ ಹೆಡ್‌ಫೋನ್ ತೆಗೆಯಲಿಲ್ಲ. ಅವಳ ಕಿವಿಯಲ್ಲಿ ಫ್ಯಾನಿನ ಗುಂಯ್ ಮಾತ್ರ, ಎಲ್ಲೂ ತುಂಡಾಗದೆ, ಕೇಳುತ್ತಲೇ ಇತ್ತು.