ಮರಳುಹೊಳೆಯಲ್ಲಿ ಬಿದ್ದ ಕೋಣ

ತಂಗಿಯ ಮಗನ ಕೈಗೆ ಹಗ್ಗ ಬಿಗಿದವನು ಸ್ವತಃ ಮುಲೇಯ. ಬೇರೆ ಯಾರಾದರೂ ಕಟ್ಟಿದ್ದರೆ ಅವರಿಗೆ ಹಿಡಿಶಾಪ ಹಾಕಿ ಹೊಟ್ಟೆಯುರಿ ತೀರಿಸಿಕೊಳ್ಳಬಹುದಿತ್ತು. ಆದರೆ ಆಫ್ರಿಕಾದ ಆ ಕಾಡಂಚಿನ ಊರಿನ ಬೇಟೆ ಕಾವಲುಗಾರ ಅವನೇ. ಬೇಟೆ ಶಿಬಿರದ ಅತಿಥಿ ಪ್ರಾಣಿ ಹೊಡೆದರೆ ಕಾಗದಕ್ಕೆ ರುಜು ಹಾಕುವವನು ಅವನು, ಕದ್ದು ಹೊಡೆದವನನ್ನು ಹಿಡಿದು ಕಟ್ಟಬೇಕಾದವನೂ ಅವನೇ. ಮುಲೇಯನ ಮನೆ, ಹೆಸರು, ಅಜ್ಜನ ಭರ್ಜಿ ಎಲ್ಲವೂ ಮುಂದೆ ಸೇರಬೇಕಾದದ್ದು ಈ ಲ್ವೇಂಡೊಗೇ; ಅವರಲ್ಲಿ ಮನೆತನ ಮುಂದುವರಿಯುವುದು ಸೋದರಳಿಯನಿಂದ. ಅಂಥವನನ್ನು ಜೀಪಿನ ಮುಂದಿನ ಕಂಬಿಗೆ ಕಟ್ಟುವುದು ಸುಲಭವಲ್ಲ. ಆದರೂ ಕಟ್ಟಿದ.

ಅಂದು ಊರಿನ ಹಿರಿಯ ಯಜಮಾನಿಯ ಮಣ್ಣು. ಬೆಳಗಿನಿಂದ ದೊಡ್ಡ ನಗಾರಿಗಳು, ಜಿಂಕೆಕೊಂಬಿನ ಕಹಳೆಗಳು ಕಣಿವೆಯನ್ನೇ ನಡುಗಿಸುತ್ತಿದ್ದವು. ಪಕ್ಕದಲ್ಲಿ ಕೂತವನ ಮಾತೂ ಕೇಳದಷ್ಟು ಸದ್ದು. ಶಿಬಿರದ ಆಳುಕಾಳುಗಳೆಲ್ಲ ಅಲ್ಲಿಗೇ ಹೋಗಿದ್ದರು. ಶಿಬಿರದ ಒಡೆಯ, ಬಿಳಿಯ ಪೆಲ್, ಜೀಪು ತೆಗೆದುಕೊಂಡು ಡೀಸೆಲ್ ತರಲು ಪೇಟೆಗೆ ಹೋಗಿದ್ದ. ಜಾಡು ಹಿಡಿಯುವ ಲ್ವೇಂಡೊ ಮಾತ್ರ ಮಧ್ಯಾಹ್ನ ವಾಪಸು ಬಂದು ಅತಿಥಿಗಳಿಗೆ ಊಟ ಬಡಿಸಿ, ಬಂದೂಕು ಒರೆಸಿಟ್ಟು, ತಿರುಗಿ ಸಾವಿನ ಮನೆಗೆ ಹೋಗಿದ್ದ.

ಸಂಜೆ ನಾಲ್ಕಕ್ಕೆ ಒಣಗಿದ ಹೊಳೆಯ ಮೇಲೆ ಹದ್ದು ಸುತ್ತುವುದನ್ನು ಮೊದಲು ಕಂಡು ಓಡಿದವನು ಲ್ವೇಂಡೊ. ಪೇಟೆಯಿಂದ ಮರಳುತ್ತಿದ್ದ ಪೆಲ್, ಸಾವಿನ ಮನೆಯಿಂದ ಓಡಿದ ಮುಲೇಯ ಅಲ್ಲಿಗೆ ಬಂದಾಗ, ಮರಳಿನಲ್ಲಿ ಒಂದು ಕಾಡುಕೋಣ ಸತ್ತು ಬಿದ್ದಿತ್ತು. ಹೆಗಲ ಹಿಂದೆ ಒಂದೇ ಗುಂಡು. ಪಕ್ಕದಲ್ಲಿ ಚಾಕು ಹಿಡಿದ ಲ್ವೇಂಡೊ.

"ಕಳ್ಳನನ್ನ ಮಾಲಿನ ಸಮೇತ ಹಿಡಿದೆ!" ಎಂದು ಪೆಲ್ ಕೂಗಿದ. "ಬಂದೂಕಿನ ಪೆಟ್ಟಿಗೆಯಲ್ಲಿ ಒಂದು ತೋಟಾ ಕಡಿಮೆ ಇದ್ರೆ ಇವನದೇ ಕೆಲಸ. ಮುಲೇಯ, ಕಟ್ಟು ಇವನನ್ನ!"

ಪೆಟ್ಟಿಗೆಯಲ್ಲಿ ಒಂದು ತೋಟಾ ಕಡಿಮೆಯೇ ಇತ್ತು. ವನ್ಯಜೀವಿ ಇಲಾಖೆಯ ವಾರ್ಡನ್ ಮರುದಿನ ಬೆಳಿಗ್ಗೆ ಹತ್ತಕ್ಕೆ ಬರುತ್ತೇನೆಂದು ವೈರ್‌ಲೆಸ್ಸಿನಲ್ಲಿ ತಿಳಿಸಿದ. ಅಲ್ಲಿಯವರೆಗೆ ಕೋಣವನ್ನು ಯಾರೂ ಕೊಯ್ಯಕೂಡದು. ಕಳ್ಳಬೇಟೆಗೆ ಒಂಬತ್ತು ವರ್ಷ ಜೈಲು. ಲ್ವೇಂಡೊ ಒಳಗೆ ಹೋದರೆ ಹೊರಬರುವಾಗ ಅವನ ಕೂಸು ದನ ಕಾಯುವಷ್ಟು ದೊಡ್ಡದಾಗಿರುತ್ತದೆ.

"ಮಾವಾ, ನಾನು ಹೊಡೀಲಿಲ್ಲ," ಎಂದ ಲ್ವೇಂಡೊ. ಒಂದೇ ಸಲ ಹೇಳಿದ. ಮುಲೇಯ ಗಂಟನ್ನು ಇನ್ನಷ್ಟು ಬಿಗಿದ. ಹುಡುಗನ ಮನೆಯಲ್ಲಿ ಹಸಿವು, ಕೈಯಲ್ಲಿ ಚಾಕು, ಎದುರಿಗೆ ಕೋಣ; ಇವನೇ ಹೊಡೆದನೆಂದು ಮುಲೇಯನೂ ನಂಬಿಬಿಟ್ಟಿದ್ದ.

ಆಗ ಬಂದಳು ಚೋಲ್ವೆ.

ಚೋಲ್ವೆ ಶಿಬಿರದ ಅಡುಗೆಯವಳು. ವಯಸ್ಸು ಅರವತ್ತೈದರ ಮೇಲೆ, ಬಾಯಿ ಇನ್ನೂ ಹರೆಯದ್ದು, ಕಂಕುಳಲ್ಲಿ ಸದಾ ಹೊಗೆ ಸೇದುವ ಸೋರೆಬುರುಡೆಯ ಗುಡುಗುಡಿ. ಚರ್ಚಿನ ಗಂಟೆ ಕದ್ದವನನ್ನೂ, ಬಾವಿಯ ಪಂಪು ಕೆಡಿಸಿದವನನ್ನೂ ಹಿಡಿದುಕೊಟ್ಟವಳು ಅವಳೇ. ಆ ಎರಡೂ ಸಲ ಅವಳ ಹಿಂದೆ ಬುಟ್ಟಿ ಹೊತ್ತು ಅಲೆದವನು ಮುಲೇಯ. ಅವಳು ಮೊದಲು ಕೋಣದ ಸುತ್ತ ಒಂದು ಸುತ್ತು ಬಂದಳು. ಊರವರೆಲ್ಲ ಓಡಿಬಂದು ತುಳಿದಿದ್ದರಿಂದ ಹೆಜ್ಜೆಗುರುತು ಒಂದೂ ಉಳಿದಿರಲಿಲ್ಲ. ಉಬ್ಬಿ ಬಿಗಿದಿದ್ದ ಹೊಟ್ಟೆಗೆ ಅಂಗೈಯಿಂದ ಬಡಿದಳು. ಕೊಂಬುಗಳ ನಡುವೆ ಬೆರಳಿಟ್ಟು ಒತ್ತಿದಳು. ಅಲ್ಲಿ ಇನ್ನೂ ಮೆತ್ತಗಿತ್ತು, ಕೂದಲಿತ್ತು. ಮುಲೇಯನ ಕೈಯಲ್ಲಿದ್ದ ಲ್ವೇಂಡೊನ ಚಾಕು ಇಸಿದುಕೊಂಡು ಮೂಸಿದಳು. ಕೊನೆಗೆ ಕೋಣದ ದವಡೆ ಅಗಲಿಸಿ, ಹಲ್ಲುಗಳ ನಡುವಿನಿಂದ ಗೇಣುದ್ದದ ಹಸಿರು ಕಡ್ಡಿಯೊಂದನ್ನು ಎಳೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಅದ್ಯಾಕಕ್ಕಾ? ಕೋಣ ಮೇಯ್ತಿದ್ದ ಸೊಪ್ಪು ತಾನೆ?" ಎಂದ ಮುಲೇಯ.

"ನಿಂಗೆ ಕಣ್ಣಿರೋದು ಯಾಕೋ, ನಿದ್ದೆ ಮಾಡಕ್ಕಾ?" ಅಷ್ಟೇ ಅವಳು ಹೇಳಿದ್ದು. ಮತ್ತೆ ಹೊಟ್ಟೆಯ ಕಡೆ ನೋಡಿದಳು. ಅವಳ ಕಣ್ಣು ಕೆಂಪಾಗಿತ್ತು. "ಇಡೀ ಊರು ಒಂದು ವಾರ ತಿನ್ನೋ ಮಾಂಸ. ಹೊಡೆದೋನು ಈ ಬಿಸಿಲಲ್ಲಿ ಕೊಳೆಯೋಕೆ ಬಿಟ್ಟಿದಾನೆ, ಬೇವರ್ಸಿ."

ಆ ಸಲದ ಅತಿಥಿಗಳು ಇಬ್ಬರು. ಆಸ್ಟ್ರಿಯಾದ ರೈನರ್ ಬಸ್ಸು ರಿಪೇರಿ ಮಾಡುವವನು. ಬೇಲಿ ಹಾಕಿ ಪ್ರಾಣಿ ಸಾಕಿದ ತೋಟಗಳಲ್ಲಿ ಹೊಡೆಯುವುದು ಬೇಟೆಯೇ ಅಲ್ಲ, ಬೇಲಿಯಿಲ್ಲದ ಕಾಡಲ್ಲಿ ಒಂದೇ ಒಂದು ಮುದಿ ಕೋಣದ ಹಿಂದೆ ನಡೆಯಬೇಕು ಎಂದು ಹತ್ತು ವರ್ಷ ಯೋಜನೆ ಹಾಕಿದವನು. ಅಗ್ಗವೆಂದು, ಅಲ್ಲಿನ ಬೆಂಕಿಬಿಸಿಲಿಗೆ ಹೆದರಿ ಯಾರೂ ಬಾರದ ಅಕ್ಟೋಬರನ್ನು ಆರಿಸಿದ. ಅಗ್ಗವೆಂದು ಬಂದೂಕನ್ನು ತರದೆ ಶಿಬಿರದ್ದನ್ನೇ ಬಾಡಿಗೆಗೆ ಹಿಡಿದ. ಅಗ್ಗವೆಂದು ಪೆಲ್‌ನನ್ನೂ ಬಂದೂಕನ್ನೂ ಕೋಬಸ್ ಎಂಬ ದಕ್ಷಿಣ ಆಫ್ರಿಕಾದ ರೈತನೊಂದಿಗೆ ಹಂಚಿಕೊಂಡ. ಗುಡಾರ ಅವನದೇ, ಊಟ ಆಳುಗಳ ಮೆಕ್ಕೆಜೋಳದ ಮುದ್ದೆ, ಒಣಮೀನು. ಎಲ್ಲವನ್ನೂ ನೀಲಿ ರಟ್ಟಿನ ನೋಟುಪುಸ್ತಕವೊಂದರಲ್ಲಿ ಬರೆದಿಟ್ಟಿದ್ದ, ಕಂಡಕಂಡವರಿಗೆ ತೋರಿಸುತ್ತಿದ್ದ. ಅವನ ಮೇಲೆ ಎಲ್ಲರಿಗೂ ಪ್ರೀತಿ. ಮೊದಲ ದಿನ ಇಂಪಾಲಾ ಜಿಂಕೆ ಹೊಡೆದಾಗ ಟೋಪಿ ತೆಗೆದು ಮಂಡಿಯೂರಿ, ಸತ್ತ ಜಿಂಕೆಗೆ ಮೇಕೆಮರಿಗೆ ತಿನ್ನಿಸುವ ಹಾಗೆ ಸೊಪ್ಪು ತಿನ್ನಿಸಲು ಹೋಗಿ ಎಲ್ಲರನ್ನೂ ನಗಿಸಿದ್ದ.

ಕೋಬಸ್ ಬೇರೆ ಥರದವನು. ಕೋಣದ ಪರ್ಮಿಟ್ ಇದ್ದದ್ದು ಒಂದೇ, ಅದೂ ರೈನರ್ ಹೆಸರಿನದು. "ಅರ್ಧ ಬಂದೂಕು ನಂದು, ಅರ್ಧ ಕೋಣವೂ ನಂದೇ," ಎಂದು ಕೋಬಸ್ ದಿನವೂ ಕುಟುಕುತ್ತಿದ್ದ. ಆ ಮಧ್ಯಾಹ್ನ ಕೆರೆಗೆ ಮೀನು ಹಿಡಿಯಲು ಹೋದೆನೆಂದ. ಗಾಳ ಒದ್ದೆಯೂ ಆಗಿರಲಿಲ್ಲ. ಮುಲೇಯನಿಗೆ ರಾತ್ರಿಯೆಲ್ಲ ಇದ್ದ ಒಂದೇ ಆಸೆ, ಹೊಡೆದವನು ಕೋಬಸ್ ಆಗಿರಲಿ ಎಂಬುದು.

ಬೆಳಿಗ್ಗೆ ಒಂಬತ್ತಕ್ಕೆ ಚೋಲ್ವೆ ಎಲ್ಲರನ್ನೂ ಅಡುಗೆಯ ಚಪ್ಪರದ ಕೆಳಗೆ ಕೂರಿಸಿದಳು. ಶಿಬಿರದ ಅಂಗಳದಲ್ಲಿ ನಿಂತ ಜೀಪಿಗೆ ಲ್ವೇಂಡೊನನ್ನು ಕಟ್ಟಿದ್ದು ಹಾಗೇ ಇತ್ತು. ಅವಳ ಮಾತನ್ನು ಮುಲೇಯ ಇಂಗ್ಲಿಷಿಗೆ ತಿರುಗಿಸಿ ಹೇಳಬೇಕು.

"ಪೆಲ್, ನಿಂಗೊಂದು ಪ್ರಶ್ನೆ," ಎಂದು ಶುರುಮಾಡಿದಳು. "ಹೊಟ್ಟೆ ಉಬ್ಬಿದ್ದು ನೋಡಿದ್ರೆ ಕೋಣ ಬಿದ್ದಿದ್ದು ಮಧ್ಯಾಹ್ನ; ನಮ್ಮ ಹುಡುಗ ಆಗಲೇ ಹೊಡೆದ ಅಂತೀಯ. ಚಾಕು ಹೊರಗೆ ತೆಗೆದಿದ್ದು ನಾಲ್ಕು ಗಂಟೆಗೆ. ಅಲ್ಲಿವರೆಗೂ ಏನ್ ಮಾಡ್ತಿದ್ದ, ಕೋಣದ ಜೊತೆ ಹರಟೆ ಹೊಡೀತಿದ್ನಾ?"

"ಸಂಜೆ ಜನ ಕರೆದುಕೊಂಡು ಹೋಗಿ ಕೊಯ್ಯೋಣ ಅಂತಿದ್ದಿರಬೇಕು."

"ಹದಿನೈದು ವರ್ಷ ಆಯ್ತು ನೀನು ಈ ಕಾಡಿಗೆ ಬಂದು, ಇನ್ನೂ ಬುದ್ಧಿ ಬರ್ಲಿಲ್ಲ!" ಚೋಲ್ವೆಯ ದನಿ ಏರಿತು. "ಅಕ್ಟೋಬರಲ್ಲಿ ಕೋಣ ಬಿದ್ರೆ ನಮ್ಮೋರು ಮೊದಲು ಏನ್ ಮಾಡ್ತಾರೆ? ಮುಲೇಯ, ನೀನೇ ಹೇಳು."

ಮುಲೇಯ ಜೀಪಿನ ಕಡೆ ನೋಡದೆ ಹೇಳಿದ. "ಕೂಡಲೇ ಹೊಟ್ಟೆ ಸೀಳ್ತೀವಿ, ಇಲ್ದಿದ್ರೆ ಮಾಂಸ ಹಳಸುತ್ತೆ. ಆಮೇಲೆ ಹದ್ದು ಕೂರದ ಹಾಗೆ ಕೊಂಬೆ ಕಡಿದು ಮುಚ್ತೀವಿ."

"ಇಲ್ಲಿ ಹೊಟ್ಟೆ ಸೀಳಿಲ್ಲ. ಒಂದು ಎಲೆ ಮುಚ್ಚಿಲ್ಲ. ಮೊದಲು ಸುಟ್ಟು ತಿನ್ನೋ ಈಲಿ ತೆಗೆದಿಲ್ಲ, ನಾಲಿಗೆ ತೆಗೆದಿಲ್ಲ. ಹಸಿದವನು ಕದ್ದು ಹೊಡೆದು ಈಲಿ ಬಿಟ್ಟು ಹೋಗ್ತಾನಾ? ಲ್ವೇಂಡೊ ಚಾಕು ಮೂಸಿದೀನಿ, ನೆತ್ತರಿನ ವಾಸನೆಯೇ ಇಲ್ಲ. ಅವನು ಓಡಿಹೋಗಿ ಚಾಕು ತೆಗೆದಿದ್ದು ಮಾಂಸ ಉಳಿಸೋಕೆ. ಅಷ್ಟರಲ್ಲಿ ನೀನು ಬಂದು ಕಳ್ಳ ಅಂದೆ."

ಮುಲೇಯನ ಮುಖಕ್ಕೆ ಯಾರೋ ಹೊಡೆದಂತಾಯಿತು. ಇಷ್ಟು ಅವನಿಗೂ ಗೊತ್ತಿತ್ತು. ಹುಟ್ಟಿದಂದಿನಿಂದ ಗೊತ್ತಿತ್ತು. ಬಿಳಿಯ ಕೂಗಿದ ತಕ್ಷಣ ಗೊತ್ತಿದ್ದುದೆಲ್ಲ ಮರೆತು ಹಗ್ಗ ಹುಡುಕಿದ್ದ.

"ಹಾಗಾದ್ರೆ ಇವನೇ," ಎಂದು ಮುಲೇಯ ಕೋಬಸ್ ಕಡೆ ಕೈ ತೋರಿದ. "ಗಾಳ ಒಣಗಿತ್ತು!"

"ಒಣಗಿರುತ್ತೆ ಕಣೋ. ಸಾವಿನ ಮನೇಲಿ ಹೆಂಗಸರ ಸಾಲಿನ ಹಿಂದೆ ಕೂತು, ಇಡೀ ಮಧ್ಯಾಹ್ನ ನಮ್ಮ ಜೋಳದ ಹೆಂಡ ಕುಡೀತಿದ್ದ. ಮೂರು ಸಲ ನಾನೇ ಬುರುಡೆ ತುಂಬಿಸಿಕೊಟ್ಟೆ. ಕುಡಿಯೋದು ಬಿಟ್ಟೀನಿ ಅಂತ ಹೆಂಡತಿಗೆ ಮಾತು ಕೊಟ್ಟಿದಾನಂತೆ, ಅದಕ್ಕೇ ಮೀನಿನ ಕತೆ."

ಕೋಬಸ್ ತಲೆ ತಗ್ಗಿಸಿದ. ಕಿವಿ ಕೆಂಪಾಯಿತು.

"ಪೆಲ್, ನೀನು ಪೇಟೇಲಿದ್ದೆ, ಡೀಸೆಲ್ ಪೀಪಾಯಿ ಕಣ್ಣ ಮುಂದಿದೆ. ಬಂದೂಕಿನ ಪೆಟ್ಟಿಗೆ ಬೀಗದ ಕೈ ಮಾತ್ರ ಗುಡಾರದ ಕಂಬಕ್ಕೆ ನೇತಾಡ್ತಿತ್ತು, ಯಾರು ಬೇಕಾದ್ರೂ ತಗೊಳ್ಳೋ ಹಾಗೆ. ಅದು ವಾರ್ಡನ್‌ಗೆ ಗೊತ್ತಾದ್ರೆ ನಿನ್ನ ಲೈಸೆನ್ಸ್ ಹೋಗುತ್ತೆ, ಅದಕ್ಕೇ ಅಷ್ಟು ಬೇಗ ಕಳ್ಳ ಸಿಕ್ಕಿಬಿಟ್ಟ ನಿಂಗೆ, ಅಲ್ವೇ?"

ಉಳಿದವನು ಒಬ್ಬನೇ. ಎಲ್ಲರೂ ಅತ್ತ ತಿರುಗಿದಾಗ ರೈನರ್ ನಗಲು ಪ್ರಯತ್ನಿಸಿದ.

"ನಾನ್ಯಾಕಮ್ಮಾ ಹೊಡೀಲಿ? ಪರ್ಮಿಟ್ ನಂದೇ. ಹೊಡೆದಿದ್ರೆ ಹೆಮ್ಮೆಯಿಂದ ಹೇಳ್ಕೋತಿದ್ದೆ."

"ಮುದಿ ಕೋಣ ಆಗಿದ್ರೆ ಹೇಳ್ಕೋತಿದ್ದೆ. ಇದರ ಕೊಂಬಿನ ಬುಡ ಇನ್ನೂ ಕೂಡಿಲ್ಲ, ಮೆತ್ತಗಿದೆ. ಎಳೇದು. ನಮ್ಮಲ್ಲಿ ನಿಯಮ ಏನು? ಗುಂಡು ತಾಗಿ ನೆತ್ತರು ಬಿದ್ರೆ ಅದೇ ನಿನ್ನ ಕೋಣ, ಬೇಟೆ ಮುಗೀತು. ಹತ್ತು ವರ್ಷ ಕಾದಿದ್ದು ಈ ಪಡ್ಡೆ ಕೋಣಕ್ಕಾ ಅಂತ ನಿಂಗೆ ಅನ್ನಿಸ್ತು. ಯಾರೂ ನೋಡ್ಲಿಲ್ಲ, ನಗಾರಿ ಸದ್ದಲ್ಲಿ ಯಾರಿಗೂ ಕೇಳ್ಲಿಲ್ಲ. ಸುಮ್ಮನೆ ಬಂದು ಬಂದೂಕು ಇಟ್ಟು ಮಲಗಿದೆ."

"ಇದೆಲ್ಲ ಊಹೆ," ಎಂದ ರೈನರ್. ದನಿ ಒಣಗಿತ್ತು.

ಚೋಲ್ವೆ ಸೆರಗಿನ ಗಂಟು ಬಿಚ್ಚಿ ಹಸಿರು ಕಡ್ಡಿಯನ್ನು ಎತ್ತಿ ಹಿಡಿದಳು. "ಕೋಣ ತಿನ್ನೋದು ಹುಲ್ಲು, ಮರದ ಎಲೆ ಅಲ್ಲ. ಇದನ್ನ ಮೇಯ್ದಿಲ್ಲ, ಮುರಿದು ಹಲ್ಲಿನ ಮಧ್ಯೆ ಅಡ್ಡಕ್ಕೆ ಇಟ್ಟಿದಾರೆ. ನಿಮ್ಮ ಕಡೆ ಬೇಟೆಗಾರರು ಸತ್ತ ಪ್ರಾಣಿಗೆ ಕೊನೇ ತುತ್ತು ಕೊಡ್ತಾರೆ. ಇಂಪಾಲಾಗೂ ಕೊಟ್ಟೆ, ನಾವೆಲ್ಲ ನಕ್ವಿ. ಅದೇ ಕೊಂಬೆಯಿಂದ ಇನ್ನೊಂದು ತುಂಡು ಮುರಿದು, ಪ್ರಾಣಿ ನೆತ್ತರಲ್ಲಿ ಅದ್ದಿ ಟೋಪಿಗೆ ಸಿಕ್ಕಿಸ್ಕೊಂಡೆ. ಆ ಸಂಜೆ ಅದನ್ನ ಪುಸ್ತಕದಲ್ಲಿ ಒತ್ತಿಟ್ಟು ನಂಗೇ ತೋರಿಸ್ದೆ. ಕದ್ದು ಹೋಗುವಾಗಲೂ ಆ ಶಾಸ್ತ್ರ ಬಿಡೋಕೆ ಆಗ್ಲಿಲ್ಲ ನಿಂಗೆ. ತೆಗಿ ಆ ನೀಲಿ ಪುಸ್ತಕ."

ರೈನರ್ ಪುಸ್ತಕವನ್ನು ಎದೆಗೆ ಅವುಚಿಕೊಂಡ. ಕೋಬಸ್ ಎದ್ದು ಒಂದೂ ಮಾತಿಲ್ಲದೆ ಕಿತ್ತುಕೊಂಡು ಮುಲೇಯನ ಕೈಗಿತ್ತ.

ಮೊದಲ ಪುಟಗಳಲ್ಲಿ ಹತ್ತು ವರ್ಷಗಳ ಬರವಣಿಗೆ: ಯಾವ ತಿಂಗಳು, ಯಾವ ಕಾಡು, ಬೇಲಿಯಿಲ್ಲದ್ದು ಎಲ್ಲಿ. ನಡುವೆ ಇಂಪಾಲಾದ ಒಣ ಕಡ್ಡಿ. ಕಡೆಯ ಪುಟದಲ್ಲಿ ಇನ್ನೂ ಬಾಡದ ಹಸಿರು ಎಲೆಯ ಚಿಕ್ಕ ಕಡ್ಡಿ, ಮೇಲೆ ಕಪ್ಪುಗಟ್ಟಿದ ನೆತ್ತರು, ಕೆಳಗೆ ನಿನ್ನೆಯ ತಾರೀಖು. ಅದು ಮುಸಿಕಿಲಿ ಮರದ್ದು. ಈ ಬಿರುಬೇಸಿಗೆಯಲ್ಲೂ ಹಸಿರಾಗಿರುವ ಆ ಮರ ಹೊಳೆದಂಡೆಯಲ್ಲಲ್ಲದೆ ಬೇರೆಲ್ಲೂ ಇಲ್ಲ. ಚೋಲ್ವೆ ಎರಡು ಕಡ್ಡಿಗಳ ಮುರಿದ ತುದಿಗಳನ್ನು ಜೋಡಿಸಿದಳು. ಸಿಗುರಿಗೆ ಸಿಗುರು ಕೂಡಿತು.

ರೈನರ್ ಕುಸಿದು ಕೂತ. "ಒಬ್ಬನೇ ನಡೀಬೇಕು ಅನ್ನಿಸ್ತು. ನೆರಳಲ್ಲಿ ನಿಂತಿತ್ತು, ಪಕ್ಕದಿಂದ ಕೊಂಬು ದೊಡ್ಡದಾಗಿ ಕಾಣಿಸ್ತು. ತಪ್ಪು ಲ್ವೇಂಡೊ ಮೇಲೆ ಬರುತ್ತೆ ಅಂತ ಅಂದ್ಕೊಂಡಿರಲಿಲ್ಲ."

"ಬಂದಾಗ?" ಎಂದಳು ಚೋಲ್ವೆ. "ಕಟ್ಟಿಹಾಕಿದಾಗ ಇಲ್ಲೇ ಕೂತಿದ್ದೆ. ರಾತ್ರಿ ನಾನು ಮಾಡಿದ ಮುದ್ದೆ ತಿಂದೆ. ನಿನ್ನ ಹತ್ತು ವರ್ಷದ ಆಸೆಗೆ ಅವನ ಒಂಬತ್ತು ವರ್ಷ ಸರಿಹೋಗುತ್ತಾ?"

"ನನ್ನನ್ನ ಕ್ಷಮಿಸಿ. ಏನು ಮಾಡಬೇಕು ಹೇಳಿ, ಮಾಡ್ತೀನಿ."

"ಸತ್ತ ಕೋಣದ ಮುಂದೆ ಟೋಪಿ ತೆಗೆದು ಮಂಡಿಯೂರಿ ಬಾಯಿಗೆ ತುತ್ತಿಟ್ಟೆಯಲ್ಲೋ!" ಚೋಲ್ವೆ ಈಗ ಕೂಗುತ್ತಿದ್ದಳು. "ಬದುಕಿರೋ ಮನುಷ್ಯ ಅಲ್ಲಿ ನೀರಿಲ್ಲದೆ ಕಂಬಿಗೆ ನೇತಾಡ್ತಿದ್ದ. ಅವನ ಬಾಯಿಗೆ ಏನಿಟ್ಟೆ?"

ಮುಲೇಯ ಇದನ್ನು ಇಂಗ್ಲಿಷಿಗೆ ತಿರುಗಿಸಬೇಕಿತ್ತು. ಆ ಮಾತು ಯಾರಿಗೆ ಹೇಳಿದ್ದೋ ಅವರಿಗಿಂತ ಮೊದಲು ಅವನಿಗೇ ತಾಗಿತ್ತು. ರಾತ್ರಿಯೆಲ್ಲ ಆ ಹುಡುಗನಿಂದ ಹತ್ತು ಮಾರು ದೂರದಲ್ಲಿ ನೀರಿನ ಕೊಡ ಪಕ್ಕದಲ್ಲಿಟ್ಟುಕೊಂಡು ಮಲಗಿದ್ದವನು ಅವನು.

ಹತ್ತು ಗಂಟೆಗೆ ವಾರ್ಡನ್ ಬಂದ. ರೈನರ್‌ನ ಹೇಳಿಕೆ, ಎರಡು ಕಡ್ಡಿ, ನೀಲಿ ಪುಸ್ತಕ, ಪೆಲ್‌ನ ಬೀಗದ ಕೈ ಎಲ್ಲವನ್ನೂ ಬರೆದುಕೊಂಡ. ರೈನರ್‌ನನ್ನು ಗಾಡಿಗೆ ಹತ್ತಿಸಿದ. ಪೆಲ್‌ಗೆ ನಾಳೆಯೇ ಕಚೇರಿಗೆ ಬರಲು ಹೇಳಿದ. ನಾರುತ್ತಿದ್ದ ಕೋಣಕ್ಕೆ ಹೊಳೆಯ ಮರಳಲ್ಲಿ ಗುಂಡಿ ತೋಡಲು ಊರ ಗಂಡಸರು ಬೈಯುತ್ತ ಹೊರಟರು.

ಮುಲೇಯ ನೀರಿನ ಚೊಂಬು ಹಿಡಿದು ಜೀಪಿನ ಬಳಿ ಹೋದ. ಗಂಟು ಬಿಚ್ಚಲು ಅವನ ಬೆರಳಿಗೆ ಆಗಲಿಲ್ಲ, ಅಷ್ಟು ಬಿಗಿಯಾಗಿ ಕಟ್ಟಿದ್ದ; ಚೋಲ್ವೆ ಬಂದು ಚಾಕುವಿನಿಂದ ಕೊಯ್ದಳು. ಲ್ವೇಂಡೊ ನೀರು ಕುಡಿಯಲಿಲ್ಲ. ಮಣಿಕಟ್ಟು ಉಜ್ಜಿಕೊಂಡ. ಕೆಳಗೆ ಬಿದ್ದ ಹಗ್ಗದ ತುಂಡುಗಳನ್ನು ಹೆಕ್ಕಿ, ಒಪ್ಪವಾಗಿ ಸುತ್ತಿ ಮಾವನ ಮುಂದೆ ಹಿಡಿದ.

"ತಗೊಳ್ಳಿ ಮಾವ, ನಿಮ್ಮದು," ಎಂದ. ಆಮೇಲೆ ಗುಂಡಿ ತೋಡುವವರ ಹಿಂದೆ ಹೊಳೆಯ ಕಡೆ ನಡೆದುಹೋದ.